ಚಲನಶಕ್ತಿಯ ಲೆಕ್ಕ



ಊರ ಬೀದಿಯಲ್ಲಿ ಗೋಲಿಯಾಡುವ ಬಾಲಕರನ್ನು ಕಾಣದವರು ಯಾರೂ ಇರಲಾರರು. ನುರಿತ ಬಾಲಕನೊಬ್ಬನು ದೂರದಿಂದ ಗುರಿಯಿಟ್ಟು ಹೊಡೆದ ಗೋಲಿಯು, ನಿಂತಿರುವ ಅಷ್ಟೇ ದೊಡ್ಡ ಗೋಲಿಯ ನಟ್ಟನಡುವಿಗೆ ತಗುಲಿತೆಂದರೆ, ಹೊಡೆದದ್ದು ಬಹುಮಟ್ಟಿಗೆ ಅಲ್ಲಿಯೇ ನಿಂತುಬಿಡುವುದು. ನಿಂತದ್ದು ಹೆಚ್ಚುಕಡಮೆ ಅದೇ ವೇಗದಿಂದ ಮುಂದಕ್ಕೆ ಓಡುವುದು. ಒಬ್ಬನ ಕೈಯಲ್ಲಿದ್ದ ಗಂಟನ್ನು ಮತ್ತೊಬ್ಬನ ಕೈಗೆ ಒಪ್ಪಿಸಿದಂತೆ ಈ ವ್ಯವಹಾರವೆಲ್ಲ ಕ್ಷಣಾರ್ಧದಲ್ಲಿ ಮುಗಿದುಹೋಗುತ್ತದೆ. ಅದೇ ಬಾಲಕನು ಹಸಿಯ ಜೇಡಿಮಣ್ಣಿನ ಉಂಡೆಯೊಂದನ್ನು ಅಂತಹುದೇ ಇನ್ನೊಂದು ಉಂಡೆಯ ಮೇಲೆ ಎಸೆದನಾದರೆ, ಎರಡೂ ಒಂದಕ್ಕೊಂದು ಅಂಟಿಕೊಂಡು, ಮೊದಲಿನ ಅರ್ಧ ವೇಗದಿಂದ ಹೊರಟು ತುಸು ದೂರದಲ್ಲಿಯೇ ನಿಲ್ಲುವುವು. ಗೋಡೆಗೆ ಎಸೆದರಂತೂ ‘ತಪ್’ ಎಂಬ ಸದ್ದಿನೊಡನೆ ಸಕಲವೂ ಸಮಾಪ್ತವಾಯಿತು. ಹಾಗಾದರೆ ಗೋಲಿಯಿಂದ ಗೋಲಿಗೆ ದಾಟಿದ ಆ ವಸ್ತು ಯಾವುದು? ಗೋಡೆಗೆ ಅಂಟಿದ ಮಣ್ಣಿನಲ್ಲಿ ಅದು ಏನಾಯಿತು?

ಇದು ಮಕ್ಕಳಾಟದ ಪ್ರಶ್ನೆಯೆಂದು ಮೇಲುನೋಟಕ್ಕೆ ತೋರಬಹುದು. ಆದರೆ ಯೂರೋಪ ಖಂಡದ ಮಹಾಪಂಡಿತರು ಇದರ ಉತ್ತರಕ್ಕಾಗಿ ಒಂದು ಶತಮಾನಕ್ಕೂ ಮಿಕ್ಕಿ ಹೆಣಗಿದರು, ಗೆಳೆಯರಾಗಿದ್ದವರು ಪ್ರತಿವಾದಿಗಳಾದರು, ಪ್ರತಿವಾದಿಗಳಾಗಿದ್ದವರು ಒಂದು ಬೋಗುಣಿ ಜೇಡಿಮಣ್ಣನ್ನು ನೋಡಿ ಪಕ್ಷಾಂತರ ಮಾಡಿದರು. ಅವರೆಲ್ಲರ ಎದುರಿಗಿದ್ದ ಸಂದೇಹವು ಇಷ್ಟೇ. ಜಗತ್ತಿನಲ್ಲಿರುವ ಚಲನೆಯು ದಿನದಿನಕ್ಕೆ ಸವೆದು ಹೋಗುತ್ತಲಿರುವ ಪದಾರ್ಥವೋ, ಇಲ್ಲವೆ ಕೈಯಿಂದ ಕೈಗೆ ದಾಟುತ್ತ ಎಂದೆಂದಿಗೂ ಅಷ್ಟಕ್ಕಷ್ಟೇ ಉಳಿಯುವ ಬಂಡವಾಳವೋ? ಬಂಡವಾಳವೆಂದರೆ, ಅದನ್ನು ಎಣಿಸತಕ್ಕ ನಾಣ್ಯವು ಯಾವುದು?

ಫ್ರಾನ್ಸ್ ದೇಶದ ದೆಕಾರ್ತನು ೧೬೪೪ರಲ್ಲಿ ಪ್ರಕಟಿಸಿದ ತನ್ನ ತತ್ತ್ವಗ್ರಂಥದಲ್ಲಿ ಒಂದು ಉತ್ತರವನ್ನು ಕೊಟ್ಟನು. ವಸ್ತುವಿನ ಪರಿಮಾಣವನ್ನು ಅದರ ವೇಗದಿಂದ ಗುಣಿಸಿದರೆ ಬರುವ ಮೊತ್ತವೇ ಅದರ ಚಲನೆಯ ಅಳತೆ. ಪರಮಾತ್ಮನು ಸೃಷ್ಟಿಯ ಆದಿಯಲ್ಲಿ ಎಷ್ಟು ಚಲನೆಯನ್ನು ಇಟ್ಟನೋ ಅಷ್ಟನ್ನೇ ಇಂದಿಗೂ ಕಾಪಾಡುತ್ತಲಿದ್ದಾನೆ. ಒಂದು ವಸ್ತುವು ಕಳೆದುಕೊಂಡದ್ದನ್ನು ಮತ್ತೊಂದು ವಸ್ತುವು ಪಡೆಯುತ್ತದೆ ಎಂಬುದು ಅವನ ಸಿದ್ಧಾಂತ. ಮಾತು ಗಂಭೀರವಾದುದು, ಅರ್ಧ ಸತ್ಯವೂ ಅಹುದು. ಆದರೆ ಅವನು ದಿಕ್ಕನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಎದುರುಬದರಾಗಿ ಬಂದ ಎರಡು ಮಣ್ಣಿನ ಉಂಡೆಗಳು ಢಿಕ್ಕಿ ಹೊಡೆದು ನಿಂತುಹೋದರೆ ಅವನ ಮೊತ್ತವು ಸೊನ್ನೆಯಾಗಿಬಿಡುತ್ತದೆ. ಕಾಪಾಡಲ್ಪಟ್ಟ ಚಲನೆಯು ಎಲ್ಲಿ ಹೋಯಿತೆಂಬುದಕ್ಕೆ ಅವನ ಗ್ರಂಥದಲ್ಲಿ ತೃಪ್ತಿಕರವಾದ ಸಮಾಧಾನವಿಲ್ಲ.

ಲಂಡನ್ ನಗರದ ರಾಯಲ್ ಸೊಸೈಟಿಯು ೧೬೬೮ರಲ್ಲಿ ಈ ಘರ್ಷಣೆಗಳ ನಿಯಮವನ್ನು ತಿಳಿಸಬೇಕೆಂದು ವಿದ್ವಾಂಸರನ್ನು ಕೇಳಿಕೊಂಡಿತು. ವಾಲಿಸ್, ರೆನ್, ಹೈಗೆನ್ಸ್ ಎಂಬ ಮೂವರು ಉತ್ತರಗಳನ್ನು ಬರೆದರು. ಡಚ್ಚರವನಾದ ಹೈಗೆನ್ಸನ ಉತ್ತರದಲ್ಲಿ ಒಂದು ವಿಶೇಷವಿತ್ತು. ಗಟ್ಟಿಯಾದ ಚೆಂಡುಗಳು ಢಿಕ್ಕಿ ಹೊಡೆಯುವಾಗ ತೂಕ ಮತ್ತು ವೇಗಗಳ ಗುಣಲಬ್ಧವು, ದಿಕ್ಕನ್ನೂ ಸೇರಿಸಿ ಎಣಿಸಿದರೆ, ಉಳಿಯುವುದು ಮಾತ್ರವಲ್ಲ. ತೂಕವನ್ನು ವೇಗದ ವರ್ಗದಿಂದ, ಎಂದರೆ ವೇಗವನ್ನು ಅದರಿಂದಲೇ ಗುಣಿಸಿ ಬಂದುದರಿಂದ, ಗುಣಿಸಿದ ಮೊತ್ತವೂ ಮೊದಲಿನಷ್ಟೇ ಉಳಿಯುವುದೆಂದು ಅವನು ತೋರಿಸಿದನು. ಬಾಲಕನ ಗೋಲಿಗೆ ಇದನ್ನು ಅನ್ವಯಿಸಿ ನೋಡಬಹುದು. ಹೊಡೆಯುವ ಗೋಲಿಯ ವೇಗವು ಎರಡೆಂದು ಇಟ್ಟುಕೊಂಡರೆ, ಢಿಕ್ಕಿಯ ತರುವಾಯ ಎರಡು ಗೋಲಿಗಳ ವೇಗಗಳನ್ನು ಕೂಡಿಸಿದಾಗ ಎರಡೇ ಬರಬೇಕು. ಒಂದು ಮತ್ತು ಒಂದು ಕೂಡಿದರೂ ಎರಡು. ಸೊನ್ನೆ ಮತ್ತು ಎರಡು ಕೂಡಿದರೂ ಎರಡು. ಈ ಒಂದು ಲೆಕ್ಕದಿಂದ ಗೋಲಿಗೆ ದಾರಿ ತೋರದು. ಆದರೆ ವರ್ಗಗಳ ಲೆಕ್ಕವು ನಾಲ್ಕು ಇರಬೇಕೆಂದು ಎರಡನೆಯ ಕಟ್ಟಳೆಯನ್ನು ಹಾಕಿದೊಡನೆ, ಒಂದು-ಒಂದರ ದಾರಿ ಮುಚ್ಚಿಹೋಗುತ್ತದೆ, ಏಕೆಂದರೆ ಅದರ ಮೊತ್ತವು ಎರಡೇ. ಉಳಿದದ್ದು ಒಂದೇ ದಾರಿ: ಹೊಡೆದ ಗೋಲಿ ನಿಲ್ಲಬೇಕು, ನಿಂತ ಗೋಲಿ ಓಡಬೇಕು. ಲೆಕ್ಕವನ್ನೇ ಅರಿಯದ ಗೋಲಿಗಳು ಎರಡು ಕಟ್ಟಳೆಗಳನ್ನೂ ತಪ್ಪದೆ ನಡೆಸುತ್ತಲಿರುವುವು. ಜೇಡಿಮಣ್ಣಿನ ಉಂಡೆಗಳೋ ಒಂದು-ಒಂದರ ದಾರಿಯನ್ನೇ ಹಿಡಿಯುತ್ತವೆ. ವರ್ಗದ ಲೆಕ್ಕದಲ್ಲಿ ನಾಲ್ಕಿದ್ದದ್ದು ಎರಡಾಗುತ್ತದೆ. ಸರಿಯಾಗಿ ಅರ್ಧವು ನಾಪತ್ತೆ. ಈ ನಾಪತ್ತೆಯಾದ ಅರ್ಧವನ್ನು ಮರೆಯಬಾರದು. ಅದು ದೊರೆಯಲು ಮುಂದೆ ಬಹುಕಾಲ ಹಿಡಿಯಿತು.

ಹೈಗೆನ್ಸನಿಗೆ ಇದು ಒಂದು ಲೆಕ್ಕದ ಗುಣವಾಗಿ ತೋರಿತು. ಇದರಲ್ಲಿ ಪ್ರಕೃತಿಯ ಮೂಲತತ್ತ್ವವೇ ಅಡಗಿದೆಯೆಂದು ಸಾರಿದವನು ಜರ್ಮನಿಯ ಲೈಬ್ನಿಟ್ಸನು. ೧೬೮೬ರಲ್ಲಿ ದೆಕಾರ್ತನ ತಪ್ಪನ್ನು ಎತ್ತಿ ತೋರಿಸುವ ಚಿಕ್ಕ ಲೇಖನವೊಂದನ್ನು ಅವನು ಪ್ರಕಟಿಸಿದನು. ಅದರ ವಾದವು ಅಂಗಡಿಯ ತಕ್ಕಡಿಯಷ್ಟು ಸರಳವಾದುದು. ಒಂದು ಸೇರು ತೂಕದ ಕಲ್ಲನ್ನು ನಾಲ್ಕು ಮೊಳ ಎತ್ತುವುದಕ್ಕೂ, ನಾಲ್ಕು ಸೇರಿನ ಕಲ್ಲನ್ನು ಒಂದು ಮೊಳ ಎತ್ತುವುದಕ್ಕೂ ಬೇಕಾಗುವ ಶ್ರಮವು ಒಂದೇ. ನಾಲ್ಕು ಸೇರನ್ನು ಒಂದೊಂದಾಗಿ ಒಡೆದು ಎತ್ತಿದರೆ ಇದು ಯಾರಿಗಾದರೂ ತಿಳಿಯುವುದು. ಆ ಎತ್ತರಗಳಿಂದ ಅವು ಬಿದ್ದಾಗ, ನೆಲವನ್ನು ಮುಟ್ಟುವ ಹೊತ್ತಿಗೆ ಅವುಗಳಲ್ಲಿ ಕೂಡಿರುವ ಬಲವೂ ಒಂದೇ ಆಗಿರಬೇಕಷ್ಟೆ. ಆದರೆ ಗೆಲಿಲಿಯೋ ಪಂಡಿತನು ಮೊದಲೇ ಕಂಡುಹಿಡಿದಂತೆ, ನಾಲ್ಕು ಪಟ್ಟು ಎತ್ತರದಿಂದ ಬಿದ್ದ ವಸ್ತುವಿಗೆ ನಾಲ್ಕು ಪಟ್ಟು ವೇಗ ಬರುವುದಿಲ್ಲ. ಎರಡು ಪಟ್ಟು ಮಾತ್ರ. ಹೀಗಾಗಿ ದೆಕಾರ್ತನ ಅಳತೆಯಲ್ಲಿ ಸಣ್ಣ ಕಲ್ಲಿಗೆ ಎರಡು, ದೊಡ್ಡ ಕಲ್ಲಿಗೆ ನಾಲ್ಕು. ಸಮಾನವಾದ ಬಲಕ್ಕೆ ಅಸಮಾನವಾದ ಅಂಕೆ! ವೇಗದ ವರ್ಗದಿಂದ ಗುಣಿಸಿದರೆ ಎರಡಕ್ಕೂ ನಾಲ್ಕೇ ಬರುತ್ತದೆ.

ದೆಕಾರ್ತನ ಅಳತೆಯೇ ಬಲದ ಅಳತೆಯಾಗಿದ್ದಿದ್ದರೆ ಒದಗುವ ವಿಪರೀತವನ್ನೂ ಲೈಬ್ನಿಟ್ಸನು ತೋರಿಸಿದನು. ದೊಡ್ಡ ಕಲ್ಲಿನಲ್ಲಿರುವ ನಾಲ್ಕನ್ನು ಸಣ್ಣ ಕಲ್ಲಿಗೆ ದಾಟಿಸಿದರೆ ಅದರ ವೇಗವು ನಾಲ್ಕಾಗಬೇಕು. ಆ ವೇಗದಿಂದ ಅದು ಹದಿನಾರು ಮೊಳ ಮೇಲೇರಬೇಕು. ನಾಲ್ಕು ಮೊಳದ ಬೆಲೆ ಕೊಟ್ಟು ಹದಿನಾರು ಮೊಳ ಕೊಂಡಂತಾಯಿತು! ಹಾಗಿದ್ದರೆ ಕಪಿಲೆಗೆ ಎತ್ತುಗಳೇ ಬೇಡ. ಕಲ್ಲುಗಳೇ ಒಂದನ್ನೊಂದು ಎತ್ತುತ್ತ ಲೋಕಾಂತ್ಯದವರೆಗೂ ಬಾವಿಯ ನೀರನ್ನು ಸೇದುತ್ತಿರಬಹುದು. ಇಂತಹ ಯಂತ್ರವನ್ನು ಯಾರೂ ಕಂಡಿಲ್ಲ. ವೇಗದ ವರ್ಗದಿಂದ ಎಣಿಸಲ್ಪಡುವ ಈ ಬಲಕ್ಕೆ ಲೈಬ್ನಿಟ್ಸನು ‘ಸಜೀವಬಲ’ ಎಂಬರ್ಥದ ಹೆಸರನ್ನು ಇಟ್ಟನು.

ಇಂಗ್ಲೆಂಡಿನಲ್ಲಿ ಈ ಮಾತು ರುಚಿಸಲಿಲ್ಲ. ಅಲ್ಲಿಯ ನ್ಯೂಟನ್ ಮಹಾಶಯನಿಗೂ ಲೈಬ್ನಿಟ್ಸನಿಗೂ ಗಣಿತದ ವಿಷಯದಲ್ಲಿ ಮೊದಲೇ ಮನಸ್ತಾಪವಿತ್ತು. ಜಿಗುಟಾದ ವಸ್ತುಗಳ ಘರ್ಷಣೆಯಲ್ಲಿ ಚಲನೆಯು ನಾಶವಾಗುವುದು ಪ್ರತ್ಯಕ್ಷವಾಗಿರುವುದರಿಂದ ಜಗತ್ತಿನ ಚಲನೆಯು ಸದಾ ಕುಂದುತ್ತಲಿದೆಯೆಂದೂ, ಅದನ್ನು ತುಂಬಿಕೊಡುವ ತತ್ತ್ವಗಳು ಇರಲೇಬೇಕೆಂದೂ ನ್ಯೂಟನ್ನನು ಬರೆದಿದ್ದನು. ೧೭೧೫ರಲ್ಲಿ ಲೈಬ್ನಿಟ್ಸನು ವೇಲ್ಸ್ ಯುವರಾಣಿಗೆ ಬರೆದ ಪತ್ರದಲ್ಲಿ ಇದನ್ನು ಹಾಸ್ಯಮಾಡಿ, ಇವರ ಮತದ ಪ್ರಕಾರ ದೇವರು ತನ್ನ ಗಡಿಯಾರಕ್ಕೆ ಆಗಾಗ ಕೀಲಿ ಕೊಡಬೇಕಾದ ಕುಶಲವಿಲ್ಲದ ಕಮ್ಮಾರನಾದನಲ್ಲವೇ ಎಂಬ ಭಾವವನ್ನು ಸೂಚಿಸಿದನು. ನ್ಯೂಟನ್ನನ ಪಕ್ಷವನ್ನು ಹಿಡಿದು ಕ್ಲಾರ್ಕನೆಂಬ ಪಾದ್ರಿಯು ಉತ್ತರ ಬರೆದನು: ಕೀಲಿಯೇ ಬೇಡದ ಗಡಿಯಾರವೆಂದ ಮೇಲೆ ಅದಕ್ಕೆ ಒಡೆಯನೂ ಬೇಡವಾದನು! ಇಬ್ಬರೂ ಆಸ್ತಿಕರು, ಇಬ್ಬರ ಭಯವೂ ಸುಳ್ಳಲ್ಲ. ಐದೈದು ಪತ್ರಗಳು ಅತ್ತಿತ್ತ ಹೋಗಿಬಂದವು. ಮಣ್ಣಿನ ಉಂಡೆಯಲ್ಲಿ ಕಾಣೆಯಾದ ಬಲವು ನಾಶವಾಗಿಲ್ಲವೆಂದೂ, ದೊಡ್ಡ ನಾಣ್ಯವನ್ನು ಚಿಲ್ಲರೆ ಮಾಡಿಸಿದಂತೆ ಅದು ಒಳಗಿನ ಸೂಕ್ಷ್ಮಕಣಗಳಿಗೆ ಹಂಚಿಹೋಗಿದೆಯೆಂದೂ ಲೈಬ್ನಿಟ್ಸನು ಕೊನೆಯ ಪತ್ರದಲ್ಲಿ ಹೇಳಿದನು. ಈ ಉತ್ತರವು ಸರಿಯಾದುದೇ. ಆದರೆ ಆ ಚಿಲ್ಲರೆಯನ್ನು ಎಣಿಸಿ ತೋರಿಸುವ ಸಾಧನವು ಅವನಲ್ಲಿರಲಿಲ್ಲ. ೧೭೧೬ರ ನವಂಬರಿನಲ್ಲಿ ಅವನು ತೀರಿಕೊಂಡನು. ಪತ್ರವ್ಯವಹಾರವು ಅಲ್ಲಿಗೆ ನಿಂತಿತು.

ವಾದದಿಂದ ತೀರದ ಜಗಳವನ್ನು ಪ್ರಯೋಗವು ತೀರಿಸಬೇಕಾಯಿತು. ಇಟಲಿಯ ಪೊಲೇನಿಯು ೧೭೧೮ರಲ್ಲಿಯೇ ಕೊಬ್ಬಿನ ಮೇಲೆ ಗುಂಡುಗಳನ್ನು ಬೀಳಿಸಿ ಲೈಬ್ನಿಟ್ಸನಿಗೆ ಅನುಕೂಲವಾದ ಫಲವನ್ನು ಕಂಡಿದ್ದನು. ಹಾಲೆಂಡಿನ ಲೈಡನ್ ವಿಶ್ವವಿದ್ಯಾಲಯದಲ್ಲಿ ಉಪಾಧ್ಯಾಯನಾಗಿದ್ದ ಗ್ರಾವೆಸಾಂಡನು ನ್ಯೂಟನ್ನನ ಪರಮಭಕ್ತನು. ಅವನ ಶಾಸ್ತ್ರವನ್ನು ಯೂರೋಪಿನಲ್ಲಿ ಪ್ರಚಾರಮಾಡಿದವರಲ್ಲಿ ಅಗ್ರಗಣ್ಯನು. ಇವನು ಗಾತ್ರದಲ್ಲಿ ಸಮನಾಗಿಯೂ ತೂಕದಲ್ಲಿ ಭಿನ್ನವಾಗಿಯೂ ಇರುವ ಹಿತ್ತಾಳೆಯ ಗುಂಡುಗಳನ್ನು ಮಾಡಿಸಿ, ನಯವಾಗಿ ಹದಗೊಳಿಸಿದ ಜೇಡಿಮಣ್ಣಿನ ಮೇಲೆ ಬೇರೆ ಬೇರೆ ಎತ್ತರಗಳಿಂದ ಬೀಳಿಸಿದನು. ಗುಂಡುಗಳ ಗಾತ್ರವು ಒಂದೇ ಆದುದರಿಂದ, ಮಣ್ಣಿನಲ್ಲಿ ಬಿದ್ದ ಕುಳಿಗಳನ್ನು ಒಂದಕ್ಕೊಂದು ಹೋಲಿಸಿ ನೋಡಲು ಯಾವ ತೊಡಕೂ ಇರಲಿಲ್ಲ. ಎರಡು ಪಟ್ಟು ತೂಕದ ಗುಂಡನ್ನು ಅರ್ಧ ಎತ್ತರದಿಂದಲೂ, ಮೂರು ಪಟ್ಟು ತೂಕದ್ದನ್ನು ಮೂರನೆಯ ಒಂದು ಪಾಲು ಎತ್ತರದಿಂದಲೂ ಬಿಟ್ಟಾಗ ಕುಳಿಗಳು ಸಮನಾಗಿದ್ದವು. ಅಂದರೆ ಮಣ್ಣು ಒಪ್ಪಿಕೊಂಡ ಅಳತೆಯು ತೂಕ ಮತ್ತು ಎತ್ತರಗಳ ಗುಣಲಬ್ಧ; ಎತ್ತರವೋ ವೇಗದ ವರ್ಗವನ್ನು ಅನುಸರಿಸುವಂತಹುದು. ವೇಗವು ಇಮ್ಮಡಿಯಾದರೆ ಕುಳಿಯು ನಾಲ್ಮಡಿ! ತಾನು ಅದುವರೆಗೆ ಹಿಡಿದಿದ್ದ ಪಕ್ಷವು ತಪ್ಪೆಂದು ಗ್ರಾವೆಸಾಂಡನು ೧೭೨೨ರಲ್ಲಿ ಬಹಿರಂಗವಾಗಿ ಒಪ್ಪಿ ಬರೆದನು. ಇದರಿಂದ ಇಂಗ್ಲೆಂಡಿನಲ್ಲಿದ್ದ ಅವನ ಸ್ನೇಹಿತರಿಗೆ ಬಹಳ ಸಿಟ್ಟು ಬಂದಿತು. ಗುರುವಿನಲ್ಲಿ ಭಕ್ತಿಯನ್ನು ಬಿಡದೆಯೇ ಗುರುವಿನ ಪಕ್ಷದವರ ತಪ್ಪನ್ನು ಎತ್ತಿ ಹೇಳುವುದು ಎಲ್ಲ ಕಾಲದಲ್ಲಿಯೂ ಕಠಿಣವಾದ ಕೆಲಸವೇ ಸರಿ.

ಈ ಪ್ರಯೋಗದ ಅರ್ಥವನ್ನು ಫ್ರಾನ್ಸಿನಲ್ಲಿ ಸ್ಪಷ್ಟಪಡಿಸಿದ ಕೀರ್ತಿಯು ಒಬ್ಬ ಸ್ತ್ರೀಗೆ ಸಲ್ಲತಕ್ಕದ್ದು. ೧೭೦೬ರಲ್ಲಿ ಪ್ಯಾರಿಸಿನಲ್ಲಿ ಜನಿಸಿದ ಎಮಿಲೀ ದು ಶಾತ್ಲೇ ಎಂಬ ಈ ವಿದುಷಿಯು ಶ್ರೀಮಂತರ ಮನೆಯವಳು, ಮಕ್ಕಳ ತಾಯಿ. ಆ ಕಾಲದಲ್ಲಿ ಪ್ಯಾರಿಸಿನ ವಿಜ್ಞಾನ ಪರಿಷತ್ತಿನಲ್ಲಿ ಸ್ತ್ರೀಯರಿಗೆ ಸದಸ್ಯತ್ವವಿರಲಿಲ್ಲ. ಆಕೆಯು ಮನೆಯಲ್ಲಿಯೇ ಗುರುಗಳನ್ನಿಟ್ಟುಕೊಂಡು ಗಣಿತವನ್ನು ಕಲಿತು, ಸಿರೇ ಎಂಬ ಹಳ್ಳಿಯ ತನ್ನ ಸೌಧದಲ್ಲಿ ಕವಿಯಾದ ವೋಲ್ತೇರನೊಡನೆ ಶಾಸ್ತ್ರವ್ಯಾಸಂಗದಲ್ಲಿ ನಿರತಳಾಗಿದ್ದಳು. ವೋಲ್ತೇರನು ನ್ಯೂಟನ್ನನ ಕಡೆಯವನು. ಸಜೀವಬಲದ ವಿಷಯದಲ್ಲಿ ಆಕೆಯ ಮತವೇ ಬೇರೆ. ೧೭೪೦ರಲ್ಲಿ ಪ್ರಕಟವಾದ ತನ್ನ ಪದಾರ್ಥವಿಜ್ಞಾನ ಗ್ರಂಥದ ಕೊನೆಯ ಅಧ್ಯಾಯದಲ್ಲಿ ಆಕೆಯು ಲೈಬ್ನಿಟ್ಸನ ವಾದವನ್ನು ಪ್ರಯೋಗಗಳ ಆಧಾರದಿಂದ ಎತ್ತಿಹಿಡಿದಳು. ಪರಿಷತ್ತಿನ ಮೆರಾಂ ಎಂಬ ಹಿರಿಯ ಪಂಡಿತನ ತರ್ಕದಲ್ಲಿದ್ದ ದೋಷವನ್ನು ಹೆಸರಿಟ್ಟು ತೋರಿಸಿದಳು. ಆಗ ಪರಿಷತ್ತಿನ ಕಾರ್ಯದರ್ಶಿಯಾಗಿದ್ದ ಮೆರಾಂನು ೧೭೪೧ರಲ್ಲಿ ಮುದ್ರಿತ ಪತ್ರದ ಮೂಲಕ ಆಕ್ಷೇಪಿಸಿದನು. ಕೆಲವು ವಾರಗಳೊಳಗಾಗಿ ಆಕೆಯ ಉತ್ತರವು ಮುದ್ರಿತವಾಗಿ ಹೊರಬಿದ್ದಿತು. ಹಿರಿಯನು ಮತ್ತೆ ಬರೆಯಲಿಲ್ಲ. ಗುಂಡುಗಳನ್ನು ಆಕೆಯೇ ಬೀಳಿಸಿದಳೆಂದು ಈಚಿನ ಕೆಲವು ಜನಪ್ರಿಯ ಪುಸ್ತಕಗಳಲ್ಲಿ ಬರೆದಿರುವುದುಂಟು. ಆ ಪ್ರಯೋಗವು ಗ್ರಾವೆಸಾಂಡನದು. ಪ್ರಯೋಗದಿಂದ ಏನು ಸಿದ್ಧವಾಯಿತು, ಏನು ಸಿದ್ಧವಾಗಲಿಲ್ಲ ಎಂಬುದನ್ನು ವಿವೇಚಿಸಿ ಹೇಳಿದುದು ಆಕೆಯ ಹೆಗ್ಗಳಿಕೆ. ಅದೇನೂ ಕಡಮೆಯದಲ್ಲ.

ತರುವಾಯ ಆಕೆಯು ನ್ಯೂಟನ್ನನ ಮಹಾಗ್ರಂಥವನ್ನು ಲ್ಯಾಟಿನ್ನಿನಿಂದ ಫ್ರೆಂಚ್ ಭಾಷೆಗೆ ತರುವ ಕೆಲಸಕ್ಕೆ ಕೈಹಾಕಿದಳು. ಎದುರುಪಕ್ಷದವನೆಂದು ಎಣಿಸಲ್ಪಟ್ಟವನ ಗ್ರಂಥಕ್ಕೆ ಇಷ್ಟು ಶ್ರದ್ಧೆಯಿಂದ ದುಡಿದುದನ್ನು ಗಮನಿಸಬೇಕು. ನಲವತ್ತೆರಡನೆಯ ವಯಸ್ಸಿನಲ್ಲಿ ಗರ್ಭಿಣಿಯಾದ ಆಕೆಗೆ ಹೆರಿಗೆಯಲ್ಲಿ ತಾನು ಉಳಿಯಲಾರೆನೆಂಬ ಶಂಕೆಯು ಹುಟ್ಟಿತು. ಹಗಲಿರುಳೆನ್ನದೆ ಬರೆದು ಕೆಲಸವನ್ನು ಮುಗಿಸಿ, ಹಸ್ತಪ್ರತಿಯನ್ನು ದೊರೆಯ ಪುಸ್ತಕಭಾಂಡಾರಕ್ಕೆ ಕಳುಹಿಸಿಕೊಟ್ಟಳು. ೧೭೪೯ರ ಸೆಪ್ಟೆಂಬರ್ ತಿಂಗಳ ಮೊದಲಲ್ಲಿ ಹೆಣ್ಣುಮಗುವೊಂದು ಜನಿಸಿತು. ಅದೇ ತಿಂಗಳು ೧೦ನೆಯ ತಾರೀಖು ತಾಯಿಯು ತೀರಿಕೊಂಡಳು. ಹತ್ತು ವರ್ಷಗಳ ಮೇಲೆ, ೧೭೫೯ರಲ್ಲಿ, ಆ ಗ್ರಂಥವು ಸಂಪೂರ್ಣವಾಗಿ ಅಚ್ಚಾಯಿತು. ಫ್ರೆಂಚ್ ಭಾಷೆಯಲ್ಲಿ ಇಂದಿಗೂ ಪ್ರಮಾಣವೆಂದು ಬಳಕೆಯಲ್ಲಿರುವ ಅನುವಾದವು ಅದೇ.

ಹಾಗಾದರೆ ದೆಕಾರ್ತನ ಅಳತೆಯು ಕೇವಲ ಭ್ರಾಂತಿಯೋ? ಹಾಗೂ ಅಲ್ಲ. ಓಡುತ್ತಿರುವ ಬಂಡಿಯೊಂದನ್ನು ಹಿಂದಿನಿಂದ ಹಗ್ಗ ಕಟ್ಟಿ ಒಬ್ಬನು ಒಂದೇ ಸಮನಾದ ಬಲದಿಂದ ಎಳೆದು ನಿಲ್ಲಿಸುತ್ತಾನೆಂದು ಭಾವಿಸೋಣ. ಬಂಡಿಯ ವೇಗವು ಇಮ್ಮಡಿಯಾದರೆ ನಿಲ್ಲಿಸಲು ಹಿಡಿಯುವ ಕಾಲವು ಇಮ್ಮಡಿ. ಆದರೆ ಆ ಇಮ್ಮಡಿ ಕಾಲದಲ್ಲಿ ಬಂಡಿಯ ಸರಾಸರಿ ವೇಗವೂ ಇಮ್ಮಡಿಯಾಗಿರುವುದರಿಂದ, ಅದು ಅವನನ್ನು ಎಳೆದುಕೊಂಡು ಹೋಗುವ ದೂರವು ನಾಲ್ಮಡಿ. ಎಷ್ಟು ಹೊತ್ತು ಎಳೆಯಬೇಕೆಂದು ಕೇಳಿದರೆ ಉತ್ತರವು ದೆಕಾರ್ತನ ಅಳತೆಯನ್ನು ಅನುಸರಿಸುವುದು. ಎಷ್ಟು ದೂರ ಎಳೆಯಬೇಕೆಂದು ಕೇಳಿದರೆ ಲೈಬ್ನಿಟ್ಸನ ಅಳತೆಯನ್ನು. ಮೊದಲನೆಯದಕ್ಕೆ ಇಂದು ಸಂವೇಗವೆಂದೂ ಎರಡನೆಯದಕ್ಕೆ ಚಲನಶಕ್ತಿಯೆಂದೂ ಹೆಸರು. ೧೭೪೩ರಲ್ಲಿಯೇ ದಾಲಂಬೇರನು ಇದೆಲ್ಲ ಶಬ್ದಗಳ ಜಗಳವೆಂದು ತಳ್ಳಿಹಾಕಿದನು. ಆ ಮಾತು ಸ್ವಲ್ಪ ಅತಿಯಾಯಿತೆಂದು ಹೇಳಬೇಕು. ಏಕೆಂದರೆ ಎರಡು ಬೇರೆ ಬೇರೆ ವಸ್ತುಗಳಿಗೆ ಒಂದೇ ಹೆಸರಿಟ್ಟು ಕಾದಾಡುತ್ತಿದ್ದರೆಂಬುದು ತಿಳಿದದ್ದೇ ಆ ಜಗಳದಿಂದ. ತರುವಾಯ ೧೮೨೯ರಲ್ಲಿ ಕೊರಿಯೋಲಿಸನು ಬಲವನ್ನು ದೂರದಿಂದ ಗುಣಿಸಿದ ಕಾರ್ಯದ ಲೆಕ್ಕಕ್ಕೆ ಹೊಂದುವಂತೆ ಲೈಬ್ನಿಟ್ಸನ ಮೊತ್ತವನ್ನು ಅರ್ಧಮಾಡಿದನು. ತೂಕವೆಂದು ಇಲ್ಲಿ ಹೇಳಿದುದನ್ನು ದ್ರವ್ಯರಾಶಿಯೆಂದು ಓದಿಕೊಂಡರೆ, ದ್ರವ್ಯರಾಶಿಯನ್ನು ವೇಗದ ವರ್ಗದಿಂದ ಗುಣಿಸಿ ಅರ್ಧಮಾಡಿದ್ದೇ ಚಲನಶಕ್ತಿ ಎಂದು ಶಾಲೆಯ ಹುಡುಗರು ಇಂದು ಕಂಠಪಾಠ ಮಾಡುವ ಸೂತ್ರವು ಇದೇ.

ಕಂಠಪಾಠ ಮಾಡಿದ ಮೇಲೆಯೂ ಈ ವರ್ಗದ ಮರ್ಮವು ಮನಸ್ಸಿಗೆ ಇಳಿಯದೆ ಇರುವುದರಿಂದ ಪ್ರತಿದಿನವೂ ಪ್ರಾಣಹಾನಿಯಾಗುತ್ತಲಿದೆ. ಗಂಟೆಗೆ ೩೬ ಕಿಲೋಮೀಟರ್ ವೇಗದಿಂದ ಹೋಗುವ ಕಾರು ಸೆಕೆಂಡಿಗೆ ೧೦ ಮೀಟರ್ ಸಾಗುವುದು. ಒಳ್ಳೆಯ ರಸ್ತೆಯಲ್ಲಿ ಬ್ರೇಕು ಹಿಡಿದ ಮೇಲೆ ಅದು ೧೦ ಮೀಟರಿನಲ್ಲಿ ನಿಲ್ಲುತ್ತದೆಂದು ಇಟ್ಟುಕೊಳ್ಳಬಹುದು. ವೇಗವು ೭೨ ಆದರೆ ಅದೇ ಬ್ರೇಕಿಗೆ ೪೦ ಮೀಟರ್ ಬೇಕು. ಇಷ್ಟನ್ನು ಹಲವರು ಬಲ್ಲರು. ಬಲ್ಲದ ಸಂಗತಿಯೊಂದಿದೆ. ಎರಡು ಕಾರುಗಳು ಒಂದೇ ಸ್ಥಳದಲ್ಲಿ ಬ್ರೇಕು ಹಿಡಿದುವೆನ್ನೋಣ. ಮೊದಲನೆಯದು ಸಂಪೂರ್ಣವಾಗಿ ನಿಂತುಬಿಟ್ಟ ಆ ಗೆರೆಯನ್ನು ಎರಡನೆಯದು ದಾಟುವಾಗ ಅದರ ವೇಗವು ಎಷ್ಟಿರಬಹುದು? ಅರ್ಧಕ್ಕೆ ಇಳಿದಿರುವುದೆಂದು ಸಾಮಾನ್ಯವಾಗಿ ಊಹಿಸುವರು. ವರ್ಗದ ಲೆಕ್ಕದಲ್ಲಿ ನಾನೂರಕ್ಕೆ ನೂರು ಮಾತ್ರ ಖರ್ಚಾಗಿ ಮುನ್ನೂರು ಉಳಿದಿರುತ್ತದೆ. ಆದುದರಿಂದ ಅದು ಇನ್ನೂ ಗಂಟೆಗೆ ಸುಮಾರು ೬೨ ಕಿಲೋಮೀಟರ್ ವೇಗದಲ್ಲಿಯೇ ಇರುತ್ತದೆ! ಆ ಗೆರೆಯ ಮೇಲೆ ಒಂದು ಮಗು ನಿಂತಿದ್ದರೆ, ಒಂದು ಕಾರು ಅದರ ಎದುರಿಗೆ ನಿಲ್ಲುವುದು; ಇನ್ನೊಂದು, ಬ್ರೇಕು ಹಿಡಿದೇ ಇಲ್ಲವೋ ಎಂಬಂತೆ, ಮೇಲೆ ಹರಿದುಹೋಗುವುದು. ೩೬ರ ವೇಗದಿಂದ ಗೋಡೆಗೆ ಢಿಕ್ಕಿ ಹೊಡೆಯುವುದು ಸುಮಾರು ೧೭ ಅಡಿ ಎತ್ತರದಿಂದ ಬಿದ್ದುದಕ್ಕೆ ಸಮ. ೭೨ರ ವೇಗದ್ದು ೬೭ ಅಡಿಯಿಂದ ಬಿದ್ದುದಕ್ಕೆ ಸಮ. ಗ್ರಾವೆಸಾಂಡನ ಮಣ್ಣು ಹೇಳಿದ್ದೂ ಇದನ್ನೇ.

ಇನ್ನು ಆ ನಾಪತ್ತೆಯಾದ ಅರ್ಧದ ಕಡೆಗೆ ಬರೋಣ. ಚಲನಶಕ್ತಿಯು ಕಣ್ಣಿಗೆ ಮರೆಯಾಗುವುದರಲ್ಲಿ ಎರಡು ಬಗೆಗಳುಂಟು. ನಾಗರ ಪಂಚಮಿಯ ಜೋಕಾಲಿಯು ತುದಿಗೆ ಏರಿದಾಗ ಒಂದು ಕ್ಷಣ ನಿಲ್ಲುತ್ತದೆ. ಅದರ ಚಲನಶಕ್ತಿಯು ಆಗ ಎತ್ತರದಲ್ಲಿ ಅಡಗಿರುತ್ತದೆ. ಇಳಿಯುವಾಗ ಬಡ್ಡಿಯಿಲ್ಲದೆ, ಬಹುಮಟ್ಟಿಗೆ ನಷ್ಟವೂ ಇಲ್ಲದೆ, ಮರಳಿ ಬರುತ್ತದೆ. ಇದಕ್ಕೆ ಪ್ರಚ್ಛನ್ನಶಕ್ತಿಯೆಂದು ಹೆಸರು. ಎರಡನೆಯ ಬಗೆಯದು ಬೀಸುವ ಕಲ್ಲಿನದು. ಮುಂಜಾವದಲ್ಲಿ ತಾಯಂದಿರು ಎರಡು ಸೇರು ಜೋಳವನ್ನು ಬೀಸಿ ಹಿಟ್ಟನ್ನು ಬಳಿಯುವಾಗ ಅದು ಕೈಗೆ ಬೆಚ್ಚಗೆ ಹತ್ತುತ್ತಿತ್ತು. ರಟ್ಟೆಯ ಶ್ರಮವೆಲ್ಲ ಕಾಳು ಒಡೆಯುವುದರಲ್ಲಿಯೇ ಮುಗಿಯಲಿಲ್ಲ. ಬಹುಭಾಗವು ಆ ಬೆಚ್ಚನೆಯಲ್ಲಿತ್ತು. ೧೭೯೮ರಲ್ಲಿ ರಮ್‌ಫರ್ಡನು, ಮ್ಯೂನಿಕ್ ನಗರದಲ್ಲಿ ಫಿರಂಗಿಯನ್ನು ಕೊರೆಯುವಾಗ ಹುಟ್ಟುವ ಶಾಖದಿಂದ ಬೆಂಕಿಯಿಲ್ಲದೆಯೇ ನೀರನ್ನು ಕುದಿಸಿ ತೋರಿಸಿದ ವೃತ್ತಾಂತವನ್ನು ಪ್ರಕಟಿಸಿದನು. ಆದರೆ ಇಷ್ಟು ಚಲನೆಗೆ ಇಷ್ಟೇ ಶಾಖವೆಂಬ ಖಚಿತವಾದ ವಿನಿಮಯದ ದರವು ಇನ್ನೂ ಗೊತ್ತಾಗಬೇಕಾಗಿತ್ತು.

ಆ ದರವನ್ನು ಗೊತ್ತುಪಡಿಸಿದವನು ಇಂಗ್ಲೆಂಡಿನ ಜೇಮ್ಸ್ ಜೂಲನು. ಯಾವ ವಿಶ್ವವಿದ್ಯಾಲಯದ ಪದವಿಯೂ ಇಲ್ಲದ, ಮದ್ಯ ತಯಾರಿಸುವ ವರ್ತಕನ ಮಗನು. ತೂಕದ ಗುಂಡುಗಳು ನಿಧಾನವಾಗಿ ಕೆಳಗಿಳಿಯುವಾಗ ಹುರಿಯ ಮೂಲಕ ತಿರುಗುವ ರೆಕ್ಕೆಗಳನ್ನು ನೀರಿನ ಪಾತ್ರೆಯೊಂದರಲ್ಲಿ ಇಳಿಬಿಟ್ಟು, ಕಡೆಗೋಲಿನಿಂದ ಮಜ್ಜಿಗೆ ಕಡೆದಂತೆ ನೀರನ್ನು ಕಡೆದು, ಅದರ ಉಷ್ಣವು ಎಷ್ಟು ಏರಿತೆಂಬುದನ್ನು ಅತಿಸೂಕ್ಷ್ಮವಾದ ಉಷ್ಣಮಾಪಕದಿಂದ ಅಳೆದನು. ೧೮೪೩ರಲ್ಲಿ ಅವನು ತನ್ನ ಮೊದಲ ಫಲಿತಾಂಶಗಳನ್ನು ವಿದ್ವತ್ಸಭೆಯಲ್ಲಿ ಓದಿದಾಗ ಯಾರೂ ಮಾತಾಡಲಿಲ್ಲ. ೧೮೪೭ರಲ್ಲಿ ಆಕ್ಸ್‌ಫರ್ಡಿನ ಸಭೆಯಲ್ಲಿ ಚಿಕ್ಕದಾಗಿ ಮುಗಿಸಬೇಕೆಂದು ಅಧ್ಯಕ್ಷನು ಸೂಚಿಸಿದನು. ವಿಲಿಯಂ ಥಾಮ್ಸನ್ ಎಂಬ ತರುಣ ಪಂಡಿತನು ಆಸಕ್ತಿ ತೋರಿಸದಿದ್ದರೆ ಅಂದೂ ಅದು ಮರೆತುಹೋಗುತ್ತಿತ್ತು. ೧೮೫೦ರಲ್ಲಿ ಪ್ರಕಟವಾದ ಲೇಖನದಲ್ಲಿ ಜೂಲನು ಕೊಟ್ಟ ದರವು ಹೀಗಿದೆ: ಒಂದು ಪೌಂಡು ನೀರಿನ ಉಷ್ಣವನ್ನು ಫ್ಯಾರನ್‌ಹೀಟ್ ಮಾಪಕದಲ್ಲಿ ಒಂದು ಡಿಗ್ರಿ ಏರಿಸಲು, ೭೭೨ ಪೌಂಡು ತೂಕವು ಒಂದು ಅಡಿ ಇಳಿಯುವಷ್ಟು ಕಾರ್ಯ ಬೇಕು. ಇಂದಿನ ಅತಿಸೂಕ್ಷ್ಮ ಅಳತೆಯಲ್ಲಿ ಅದು ಸುಮಾರು ೭೭೮. ಲೈಬ್ನಿಟ್ಸನ ಚಿಲ್ಲರೆಯನ್ನು ಎಣಿಸಿದ್ದು ಹೀಗೆ. ಅವನು ತೀರಿಕೊಂಡು ಅಷ್ಟರಲ್ಲಿ ನೂರಮೂವತ್ತು ವರ್ಷಗಳು ಕಳೆದಿದ್ದವು.

ಇದೇ ದರದ ಪ್ರಕಾರ ಜಲಪಾತದ ಬುಡದ ನೀರು ತುದಿಯ ನೀರಿಗಿಂತ ಬೆಚ್ಚಗಿರಬೇಕೆಂದು ಜೂಲನು ಗಣಿಸಿ, ೧೬೦ ಅಡಿಯ ನಯಾಗರಕ್ಕೆ ಡಿಗ್ರಿಯ ಐದನೆಯ ಒಂದು ಪಾಲು ಎಂದು ಬರೆದನು. ೧೮೪೭ರಲ್ಲಿ ಮದುವೆಯಾದ ಹೊಸದರಲ್ಲಿ ಆಲ್ಪ್ಸ್ ಪರ್ವತದ ದಾರಿಯಲ್ಲಿ, ಹೆಂಡತಿಯನ್ನು ಬಂಡಿಯಲ್ಲಿ ಕೂರಿಸಿ, ಉದ್ದನೆಯ ಉಷ್ಣಮಾಪಕವನ್ನು ಕೈಯಲ್ಲಿ ಹಿಡಿದು ಜಲಪಾತವನ್ನು ಹುಡುಕಿಕೊಂಡು ಹೊರಟಿದ್ದ ಜೂಲನನ್ನು ತಾನು ಕಂಡುದಾಗಿ ಥಾಮ್ಸನ್ನನು ಮುಪ್ಪಿನಲ್ಲಿ ಹೇಳುತ್ತಿದ್ದನು. ಸಲ್ಲಾಂಷ್ ಎಂಬಲ್ಲಿಯ ನೀರು ತುಂತುರಾಗಿ ಚೆದರಿಹೋಗುತ್ತಿದ್ದುದರಿಂದ ಅಳತೆಯು ಸಾಧ್ಯವಾಗಲಿಲ್ಲವಂತೆ. ನವವಧುವಿನ ಅಭಿಪ್ರಾಯವು ಏನಿತ್ತೆಂಬುದನ್ನು ಯಾರೂ ಬರೆದಿಡಲಿಲ್ಲ.

ಈ ಲೆಕ್ಕಕ್ಕೆ ಕನ್ನಡನಾಡಿಗಿಂತ ಮಿಗಿಲಾದ ಸ್ಥಳವು ವಿರಳ. ಶರಾವತಿಯು ಜೋಗದಲ್ಲಿ ೮೩೦ ಅಡಿ ಬೀಳುತ್ತಾಳೆ. ಜೂಲನ ದರದ ಅಂಕೆಗೆ ಇದು ಎಷ್ಟು ಸಮೀಪವಾಗಿದೆಯೆಂಬುದನ್ನು ನೋಡಬೇಕು. ಗಾಳಿಗೆ ಹೋಗುವುದನ್ನೂ ಆವಿಯಾಗುವುದನ್ನೂ ಬಿಟ್ಟು ಎಣಿಸಿದರೆ ಬುಡದ ನೀರು ಫ್ಯಾರನ್‌ಹೀಟ್ ಮಾಪಕದಲ್ಲಿ ಒಂದು ಡಿಗ್ರಿಯಷ್ಟು ಬೆಚ್ಚಗಾಗಬೇಕು. ಕಿವಿಗಡಚಿಕ್ಕುವ ಆ ಗರ್ಜನೆ, ಮುಗಿಲಿಗೇಳುವ ಆ ತುಂತುರು, ನೋಡುವವರ ಎದೆಯನ್ನು ನಡುಗಿಸುವ ಆ ವೇಗ, ಎಲ್ಲವೂ ಕೊನೆಗೆ ಮಡುವಿನ ನೀರಿನಲ್ಲಿ ಒಂದು ಡಿಗ್ರಿಯಾಗಿ ತಣ್ಣಗೆ ಕುಳಿತುಬಿಡುವುವು! ಆ ಒಂದು ಡಿಗ್ರಿಯಿಂದ ಯಾರಿಗೂ ಪ್ರಯೋಜನವಿಲ್ಲ. ಅದನ್ನು ಮರಳಿ ಕೂಡಿಸಿ ನೀರನ್ನು ತುದಿಗೆ ಏರಿಸಲು ಬರುವುದಿಲ್ಲ. ಶಕ್ತಿಯು ನಾಶವಾಗುವುದಿಲ್ಲವೆಂಬುದು ನಿಜವಾದರೂ, ಚಿಲ್ಲರೆಯಾದದ್ದು ಮತ್ತೆ ಇಡಿಯ ನಾಣ್ಯವಾಗುವುದು ದುರ್ಲಭವೆಂಬುದೂ ಅಷ್ಟೇ ನಿಜ. ಈ ಮಟ್ಟಿಗೆ ನ್ಯೂಟನ್ನನ ಆತಂಕದಲ್ಲಿಯೂ ಹುರುಳಿತ್ತೆನ್ನಬೇಕು.

ಆದುದರಿಂದ ಚಿಲ್ಲರೆಯಾಗುವುದಕ್ಕೆ ಮೊದಲೇ ಅದನ್ನು ಹಿಡಿದುಕೊಳ್ಳತಕ್ಕದ್ದು. ಶಿವನಸಮುದ್ರದಲ್ಲಿ ಕಾವೇರಿಯ ನೀರನ್ನು ಕೊಳವೆಗಳಲ್ಲಿ ಇಳಿಸಿ ಚಕ್ರಗಳನ್ನು ತಿರುಗಿಸಿ, ೧೯೦೨ರಲ್ಲಿ ಅಲ್ಲಿಂದ ಕೋಲಾರದ ಚಿನ್ನದ ಗಣಿಗಳಿಗೆ ತಂತಿಯ ಮೂಲಕ ವಿದ್ಯುತ್ತನ್ನು ಒಯ್ದರು. ಜೋಗದಲ್ಲಿ ವಿದ್ಯುದಾಗಾರವು ೧೯೪೮ರಲ್ಲಿ ಕೆಲಸ ಮಾಡತೊಡಗಿತು. ೧೯೬೪ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಸಿದ್ಧವಾದ ಮೇಲೆ ಶರಾವತಿಯ ಬಹುಪಾಲು ನೀರು ಬೇರೆ ದಾರಿಯಿಂದ ಯಂತ್ರಗಳಿಗೆ ಇಳಿಯತೊಡಗಿತು. ಸೆಕೆಂಡಿಗೆ ಸಾವಿರ ಲೀಟರ್ ನೀರು ಜೋಗದಷ್ಟು ಎತ್ತರದಿಂದ ಇಳಿದರೆ ಸುಮಾರು ೨,೪೮೦ ಕಿಲೋವಾಟ್ ಶಕ್ತಿಯು ಅದರಲ್ಲಿರುತ್ತದೆ. ಯಂತ್ರಗಳು ಅದರ ಹೆಚ್ಚಿನ ಪಾಲನ್ನು ತಂತಿಗೆ ಏರಿಸುವುವು. ಅಲ್ಲಿಂದ ಅದು ದೂರದೂರಿನ ಗಿರಣಿಯ ಕಲ್ಲನ್ನು ತಿರುಗಿಸಿ, ಹಿಟ್ಟನ್ನು ಬೆಚ್ಚಗೆ ಮಾಡಿ, ಅದೇ ಶಾಖದ ದಾರಿಯನ್ನು ಹಿಡಿಯುವುದು. ನಡುವೆ ಜೋಳವು ಬೀಸಿದಂತಾಯಿತು ಎಂಬುದಷ್ಟೇ ಲಾಭ.

ಘಟ್ಟವನ್ನು ಇಳಿಯುವ ವಾಹನಗಳಿಗೂ ಇದೇ ನ್ಯಾಯವು ಸಲ್ಲುತ್ತದೆ. ಹತ್ತು ಟನ್ ತೂಕದ ಲಾರಿಯು ೪೦೦ ಮೀಟರ್ ಎತ್ತರವನ್ನು ಬ್ರೇಕಿನ ಮೇಲೆಯೇ ಇಳಿದರೆ, ಸುಮಾರು ೧೨೫ ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರುವಷ್ಟು ಶಾಖವು ಅದರ ಚಕ್ರಗಳಲ್ಲಿ ಹುಟ್ಟಬೇಕಾಗುತ್ತದೆ. ಬ್ರೇಕು ಸುಟ್ಟ ವಾಸನೆಯನ್ನು ಘಾಟಿಯಲ್ಲಿ ಮೂಸಿದವರು ಇದನ್ನು ನಂಬುವರು. ಅನುಭವಿಗಳಾದ ಚಾಲಕರು ಕೆಳಗಿನ ಗೇರಿನಲ್ಲಿ ಇಂಜಿನಿನ ತಡೆಯಿಂದಲೇ ಇಳಿಯುವುದು ಇದಕ್ಕಾಗಿಯೇ. ಈಚಿನ ವಿದ್ಯುತ್ ರೈಲುಗಳು ಇಳಿಯುವಾಗ ತಮ್ಮ ಮೋಟಾರುಗಳನ್ನೇ ಜನಕಯಂತ್ರಗಳನ್ನಾಗಿ ಮಾಡಿಕೊಂಡು, ಆ ಶಕ್ತಿಯ ಒಂದಷ್ಟನ್ನು ಮೇಲಿನ ತಂತಿಗೆ ಹಿಂದಿರುಗಿಸುವುವು. ಅದೇ ಹೊತ್ತಿನಲ್ಲಿ ಘಟ್ಟವನ್ನು ಏರುತ್ತಿರುವ ಬೇರೊಂದು ರೈಲು ಅದನ್ನು ಬಳಸಿಕೊಳ್ಳಲೂಬಹುದು. ಬೀದಿಯ ಬಾಲಕನ ಎರಡು ಗೋಲಿಗಳ ವ್ಯವಹಾರವೇ ಇದು; ನಡುವೆ ಕೆಲವು ಹರದಾರಿ ತಂತಿಯಿದೆ ಅಷ್ಟೆ.

ಆಷಾಢ ಶ್ರಾವಣಗಳಲ್ಲಿ ಮಳೆಯು ಬಲವಾಗಿ ಹಿಡಿದು ಲಿಂಗನಮಕ್ಕಿಯು ತುಂಬಿದ ವರ್ಷ ಬಾಗಿಲುಗಳನ್ನು ಎತ್ತಿಬಿಡುತ್ತಾರೆ. ಆಗ ರಾಜಾ, ರಾಣಿ, ರೋರರ್, ರಾಕೆಟ್ ಎಂಬ ನಾಲ್ಕು ಧಾರೆಗಳೂ ಮತ್ತೆ ಮೈತುಂಬಿ ಬೀಳುವುವು. ಊರೂರಿನ ಜನರು ನೋಡಲು ಹೋಗುವರು. ಕೆಳಗಿನ ಮಡುವಿಗೆ ಅದರ ಒಂದು ಡಿಗ್ರಿಯು ಸಂದಾಯವಾಗುವುದು.